ಕ್ಲೆಮ್‌ನ ನೆಗಡಿ

ಭಾನುವಾರ ಮಧ್ಯಾಹ್ನ ಕ್ಲೆಮ್ ಸೈಕಲ್ ಇಳಿದವನು ನೇರ ಒಳಗೆ ಬರಲಿಲ್ಲ. ಕೋಳಿಗೂಡಿನ ಹಿಂದೆ ಹೋಗಿ ನಿಂತು ಮೂಗು ಸೀಟಿಕೊಂಡ. ನನಗೆ ಕೇಳಬಾರದು ಎಂದೇ ಅಲ್ಲಿಗೆ ಹೋಗಿದ್ದು. ಆದರೆ ಹಿತ್ತಲ ಬಾಗಿಲು ತೆರೆದಿತ್ತು, ನಾನು ಅಲ್ಲೇ ಮೇಜಿನ ಮುಂದೆ ಹಿಟ್ಟು ನಾದುತ್ತಿದ್ದೆ. ಕೇಳಿಯೇಬಿಟ್ಟಿತು.

ಯುದ್ಧದ ಕೊನೆಯ ವರ್ಷ, ನಲವತ್ತೈದರ ಆ ಮಾರ್ಚಿನಲ್ಲಿ ಹೆದರುವುದಕ್ಕೆ ಬೇಕಾದಷ್ಟು ಇತ್ತು, ನೆಗಡಿಗೆ ಯಾರು ಹೆದರುತ್ತಾರೆ ಅನ್ನಬಹುದು. ಬಾಂಬರ್ ವಿಮಾನದ ಬಾಲದಲ್ಲಿ ಗನ್ನು ಹಿಡಿದು ಕೂರುವ ಹುಡುಗನ ತಾಯಿಯಾದರೆ ಗೊತ್ತಾಗುತ್ತದೆ. ಮೂಗು ಕಟ್ಟಿದರೆ ಒಳಗೊಳಗೇ ಕಿವಿಯೂ ಕಟ್ಟುತ್ತದೆ. ವಿಮಾನ ಏರುವಾಗ ಹೇಗೋ ತಡೆದುಕೊಳ್ಳಬಹುದು. ನಾಲ್ಕು ಮೈಲಿ ಎತ್ತರದಿಂದ ಇಳಿಯುವಾಗ ಕಟ್ಟಿದ ಕಿವಿಯ ತಮಟೆ ಒಡೆದುಹೋಗುತ್ತದೆ. ನಮ್ಮ ಕ್ಲೆಮ್‌ಗಂತೂ ಎಡಗಿವಿ ಚಿಕ್ಕಂದಿನಿಂದ ಸರಿಯಿಲ್ಲ. ಆರು ವರ್ಷದವನಿದ್ದಾಗ ಒಂದು ಚಳಿಗಾಲವಿಡೀ ಸೋರಿತ್ತು. ಬೆಚ್ಚಗಿನ ಉಪ್ಪಿನ ಗಂಟನ್ನು ಆ ಕಿವಿಗೆ ಒತ್ತಿಕೊಂಡು ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದೆ. ವಾಯುಪಡೆಗೆ ಸೇರುವಾಗ ಪರೀಕ್ಷೆ ಮಾಡಿದವರಿಗೆ ಅವನು ಅದನ್ನು ಹೇಳಲಿಲ್ಲ. ಅವರು ಕೇಳಲೂ ಇಲ್ಲವಂತೆ.

ಅವನ ಹಿಂದೆಯೇ ಪಿಮ್ ಬಂದ, ಹೆಗಲ ಮೇಲೆ ಒಗೆಯುವ ಬಟ್ಟೆಯ ಚೀಲ ಹೊತ್ತು. ಪಿಮ್ ಅದೇ ವಿಮಾನದ ಬೆನ್ನ ಮೇಲಿನ ಗನ್ನರ್. ಲಂಡನ್ನಿನವನು, ಕಡ್ಡಿಯಂಥ ಮೈ, ಬಾಯಿ ಮಾತ್ರ ಇಬ್ಬರಿಗಾಗುವಷ್ಟು. ಆ ವಿಮಾನದ ಏಳೂ ಜನರ ಸಾಕ್ಸು ಅಂಗಿಗಳನ್ನು ನಾನೇ ಸೋಮವಾರ ಸೋಮವಾರ ಒಗೆದುಕೊಡುತ್ತಿದ್ದೆ. ವಿಮಾನ ನಿಲ್ದಾಣದ ಬೇಲಿ ನಮ್ಮ ಹಿತ್ತಲಿಗೆ ಅಂಟಿಕೊಂಡಿತ್ತು. ಅವರ ಲ್ಯಾಂಕಾಸ್ಟರ್ ವಿಮಾನ ನಿಲ್ಲುವ ಜಾಗವಂತೂ ನನ್ನ ಕೋಳಿಗಳಿಗೆ ಕಾಣುವಷ್ಟು ಹತ್ತಿರ. ಸ್ವಂತ ಊರಿನ ಪಕ್ಕಕ್ಕೇ ಮಗನನ್ನು ಹಾಕಿದರು, ಪುಣ್ಯವಂತೆ ನೀನು ಎಂದು ಜನ ಅನ್ನುತ್ತಿದ್ದರು. ಅನ್ನಲಿ. ಅವರ ಮಕ್ಕಳು ಹೊರಡುವುದು ಅವರಿಗೆ ಕೇಳುತ್ತಿರಲಿಲ್ಲ.

"ಅಮ್ಮ, ನಿಮ್ಮ ಮಗನ ಗೊರಕೆ ಕೇಳಿದ್ರಾ ನಿನ್ನೆ?" ಎಂದ ಪಿಮ್. "ಬರ್ಲಿನ್‌ನಲ್ಲಿ ಸೈರನ್ ಊದಿದ್ರಂತೆ."

"ಬಾಯಿ ಮುಚ್ಚೋ ಪಿಮ್," ಎಂದ ಕ್ಲೆಮ್. ಅವನ ದನಿ ಮಡಕೆಯೊಳಗಿಂದ ಬಂದಂತಿತ್ತು.

"ನೆಗಡೀನಾ?" ಎಂದೆ.

"ಇಲ್ಲಮ್ಮಾ. ಧೂಳು. ಕೋಳಿ ಧೂಳು."

"ಹತ್ತೊಂಬತ್ತು ವರ್ಷ ಇದೇ ಧೂಳಲ್ಲಿ ಬೆಳೆದವನು. ಇವತ್ತು ಹೊಸದಾಗಿ ಬಂತಾ? ಇಲ್ಲಿ ಬಾ."

ಹಿಟ್ಟಿನ ಕೈಯನ್ನೇ ಹಣೆಗೆ ಇಟ್ಟು ನೋಡಿದೆ. ಜ್ವರವಿರಲಿಲ್ಲ. ಎಡಗಿವಿಯ ಹಿಂದೆ ಹೆಬ್ಬೆಟ್ಟು ಒತ್ತಿದೆ. ಹಲ್ಲು ಕಚ್ಚಿದ, ಆದರೆ ಕಣ್ಣು ಮುಚ್ಚಿತು. ಅಷ್ಟು ಸಾಕಾಗಿತ್ತು ನನಗೆ.

"ನಾಳೆ ಬೆಳಿಗ್ಗೆ ನಿಮ್ಮ ಡಾಕ್ಟರ್ ಹತ್ರ ಹೋಗ್ತೀಯ."

"ಹೋಗಲ್ಲ."

"ಕ್ಲೆಮ್!"

"ಅಮ್ಮಾ, ಕೇಳು. ಅವನು ನೋಡಿದ ತಕ್ಷಣ ಹಾರೋದು ಬೇಡ ಅಂತ ಕೂರಿಸ್ತಾನೆ. ಇಷ್ಟು ಹಾರಾಟ ಮುಗಿಸಿದ್ರೆ ಬಿಡುಗಡೆ ಅಂತ ಲೆಕ್ಕ, ಅದರಲ್ಲಿ ನಮಗಿನ್ನು ಎರಡೇ ಹಾರಾಟ ಬಾಕಿ. ಎರಡು! ಇವರೆಲ್ಲ ಬೇರೆ ಯಾರನ್ನೋ ಬಾಲದಲ್ಲಿ ಕೂರಿಸ್ಕೊಂಡು ಎರಡನ್ನೂ ಮುಗಿಸಿ ಮನೆಗೆ ಹೋಗ್ತಾರೆ. ನನ್ನ ಎರಡು ಹಾಗೇ ಉಳಿಯುತ್ತೆ. ಆಮೇಲೆ ನಾನು ಬದಲಿ. ಯಾವ ವಿಮಾನದಲ್ಲಿ ಆಳು ಕಮ್ಮಿಯೋ ಅಲ್ಲಿಗೆ. ಪೈಲಟ್ ಯಾರೋ, ಏನೋ, ಮುಖ ಕೂಡ ನೋಡಿರಲ್ಲ."

ಪಿಮ್‌ನ ತಮಾಷೆ ನಿಂತಿತ್ತು. "ಬದಲಿಗಳು ಬಾಳಲ್ಲ ಅಮ್ಮ," ಎಂದ ಮೆಲ್ಲಗೆ. "ಬದಲಿ ಹತ್ತಿದ ವಿಮಾನನೂ ಅಷ್ಟೆ. ಎಲ್ಲರಿಗೂ ಗೊತ್ತು."

ಇದು ಮೂಢನಂಬಿಕೆಯೋ ನಿಜವೋ ನಾನು ಹೇಳಲಾರೆ. ಆ ಹುಡುಗರಿಗೆ ಅದು ನಿಜವಾಗಿತ್ತು. ಏಳು ಜನ ಏಳೂ ಜನವಾಗಿಯೇ ಹೋಗಬೇಕು. ಒಬ್ಬನ ಉಸಿರಿನ ಸದ್ದಿನಲ್ಲೇ ಇನ್ನೊಬ್ಬನಿಗೆ ಅರ್ಥವಾಗಬೇಕು. ಬಾಲದವನು 'ತಿರುಗಿಸು' ಅಂದರೆ ಪೈಲಟ್ 'ಯಾಕೆ' ಅನ್ನದೆ ತಿರುಗಿಸಬೇಕು. ಹೊಸಬ ಅಂದರೆ 'ಯಾಕೆ' ಅನ್ನುವಷ್ಟು ತಡ. ಆದ್ದರಿಂದ ಜ್ವರ ಬಂದರೂ, ಹಲ್ಲು ನೋವಿದ್ದರೂ, ಹೊಟ್ಟೆ ಕೆಟ್ಟರೂ ಮುಚ್ಚಿಡುತ್ತಿದ್ದರು. ಒಬ್ಬ ಮುಚ್ಚಿಟ್ಟರೆ ಆರು ಜನ ಕಾಣದವರ ಹಾಗೆ ಇರುತ್ತಿದ್ದರು.

ಬಯ್ಯುವುದೋ ಅಳುವುದೋ ತಿಳಿಯದೆ ಕೆಟಲಿಗೆ ನೀರು ತುಂಬಿದೆ.

ಅವತ್ತು ಸಂಜೆಯವರೆಗೂ ಅವನಿಗೆ ಆವಿ ಹಿಡಿಸಿದೆ. ತಲೆಯ ಮೇಲೆ ಟವೆಲ್ ಹೊದಿಸಿ ಬೋಗುಣಿಯ ಮುಂದೆ ಕೂರಿಸಿದೆ. ಸಾಸಿವೆ ಪುಡಿ ಹಾಕಿದ ಬಿಸಿನೀರಿನಲ್ಲಿ ಕಾಲಿಡಿಸಿದೆ. ಕ್ರಿಸ್‌ಮಸ್ಸಿನ ಹೆಬ್ಬಾತಿನ ಕೊಬ್ಬು ಒಂದು ಬಟ್ಟಲಲ್ಲಿ ಉಳಿದಿತ್ತು. ಎದೆಗೆ ಹಚ್ಚಿ ಮೇಲೆ ಕಂದು ಕಾಗದ ಕಟ್ಟಿದೆ. ಈರುಳ್ಳಿ ಬೇಯಿಸಿ ಹಾಲಿನಲ್ಲಿ ಕುಡಿಸಿದೆ. ನನ್ನ ಗಂಡ ಅಮೋಸ್ ಹೊಲದಿಂದ ಬಂದವನು ಬಾಗಿಲಲ್ಲೇ ಮೂಗರಳಿಸಿದ.

"ಊಟಕ್ಕೆ ಹೆಬ್ಬಾತಾ?"

"ನಿನ್ನ ಮಗ," ಎಂದೆ.

ಪಿಮ್ ಬಿದ್ದು ಬಿದ್ದು ನಕ್ಕ. ಟವೆಲಿನ ಒಳಗಿನಿಂದಲೂ ನಗು ಬಂತು, ನಗುವಿನ ಹಿಂದೆ ಕೆಮ್ಮು.

ಅವರಿಬ್ಬರೂ ನಿಲ್ದಾಣಕ್ಕೆ ಹೋದ ಮೇಲೆ ಅಮೋಸ್ ಬೂಟು ಬಿಚ್ಚುತ್ತಾ ಹೇಳಿದ, "ನೀನು ಡಾಕ್ಟರ್ ಹತ್ರ ಹೋಗೋ ಯೋಚನೆ ಮಾಡ್ತಿದೀಯ."

"ಮಾಡ್ತಿದೀನಿ."

"ಬೇಡ ಕಣೆ. ಅವನು ಜನ್ಮದಲ್ಲಿ ಕ್ಷಮಿಸಲ್ಲ."

"ಕ್ಷಮಿಸದೇ ಇರೋಕಾದ್ರೂ ಬದುಕಿರಬೇಕಲ್ಲ."

"ಡಾಕ್ಟರಿಗೆ ಹೇಳಿದ್ರೆ ಬದುಕ್ತಾನಾ? ಆ ಬದಲಿ ಕೆಲಸಕ್ಕೆ ಕಳಿಸಿದ್ರೆ?" ಅವನು ಬೂಟನ್ನು ಕೈಯಲ್ಲೇ ಹಿಡಿದು ಕೂತ. "ನನಗೂ ಗೊತ್ತಿಲ್ಲ. ಗೊತ್ತಿದ್ರೆ ಹೇಳ್ತಿದ್ದೆ."

ಅಲ್ಲಿಗೆ ಮಾತು ಮುಗಿಯಿತು. ಸೋಮವಾರ ಬಟ್ಟೆ ಒಗೆದೆ. ಹಂಡೆಯ ಕೆಳಗೆ ಬೆಂಕಿ, ಮೇಲೆ ಹಬೆ. ಪ್ರತಿ ಅಂಗಿ ಹಿಂಡುವಾಗಲೂ ಅದೇ ಲೆಕ್ಕ: ಹೇಳಿದರೆ ಹೀಗೆ, ಹೇಳದಿದ್ದರೆ ಹಾಗೆ. ಯುದ್ಧ ಇನ್ನೇನು ಮುಗಿಯಿತು ಎಂದು ರೇಡಿಯೊ ದಿನಾ ಹೇಳುತ್ತಿತ್ತು. ನಮ್ಮ ಸೈನಿಕರು ಜರ್ಮನಿಯ ರೈನ್ ನದಿಯ ದಡದಲ್ಲಿದ್ದರು. ಮುಗಿಯುತ್ತದೆ ಅನ್ನುವಾಗಿನ ಭಯ ಬೇರೆಯದೇ. ಮೊದಲೆಲ್ಲ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಿದ್ದ ವಿಮಾನಗಳು ಈಗ ಹಾಡಹಗಲೇ ಹೋಗುತ್ತಿದ್ದವು. ಅಷ್ಟು ಧೈರ್ಯ ಬಂದಿತ್ತು ಮೇಲಿನವರಿಗೆ. ಆದರೂ ವಾರಕ್ಕೊಂದು ವಿಮಾನದ ಜಾಗ ಖಾಲಿ ಉಳಿಯುತ್ತಿತ್ತು.

ಸಂಜೆ ಕ್ಲೆಮ್ ಮತ್ತೆ ಬಂದು ಆವಿ ಹಿಡಿದ. ಮೂಗು ಕೊಂಚ ಬಿಟ್ಟಿತ್ತು, ಕಿವಿ ಬಿಟ್ಟಿರಲಿಲ್ಲ. "ಬಿಟ್ಟಿದೆ ಅಮ್ಮಾ, ನೋಡು," ಎಂದು ಮೂಗು ಹಿಡಿದು ಗಾಳಿ ಊದಿ ತೋರಿಸಿದ. ಮುಖ ಕೆಂಪಾಯಿತು. ಸುಳ್ಳು ಹೇಳುವಾಗ ಅವನು ಚಿಕ್ಕಂದಿನಿಂದಲೂ ಹುಬ್ಬು ಏರಿಸುತ್ತಾನೆ.

ಮಂಗಳವಾರ ಬೆಳಿಗ್ಗೆ ಬಾಂಬ್ ಹೊತ್ತ ಟ್ರಾಲಿಗಳು ಸದ್ದು ಮಾಡಿದವು. ನಾನು ಕಾಳಿನ ಡಬ್ಬಿ ತೆಗೆದುಕೊಂಡು ಕೋಳಿಗಳ ಹತ್ತಿರ ಹೋದೆ. ಬೇಲಿಯಾಚೆ ವಿಮಾನದ ಸುತ್ತ ಹುಡುಗರು ದಪ್ಪ ಉಡುಪಿನಲ್ಲಿ ಕರಡಿಗಳ ಹಾಗೆ ಅಡ್ಡಾಡುತ್ತಿದ್ದರು. ಎಂಜಿನ್ ಶುರು ಮಾಡುವ ಅಪ್ಪಣೆಗೆ ಕಾಯುವ ಹೊತ್ತು ಅದು. ಎಲ್ಲರೂ ಸಿಗರೇಟು ಸೇದುತ್ತಾರೆ. ಕ್ಲೆಮ್ ಕಾಣಲಿಲ್ಲ. ಆಗಲೇ ಬಾಲದೊಳಗೆ ಸೇರಿಕೊಂಡಿದ್ದ.

ಹೊರಡುವ ದಿನ ಹೊರಗಿನವರ ಜೊತೆ ಮಾತು ನಿಷಿದ್ಧ. ಆದರೆ ಕೋಳಿಗೆ ಕಾಳು ಹಾಕುವ ಹೆಂಗಸನ್ನು ಯಾರೂ ಹೊರಗಿನವಳು ಅಂದುಕೊಂಡಿರಲಿಲ್ಲ. ಪೈಲಟ್ ಲಾಯ್ಡ್ ನನ್ನನ್ನು ಕಂಡು ತಾನೇ ಬೇಲಿಯ ಹತ್ತಿರ ಬಂದ. ಆಸ್ಟ್ರೇಲಿಯಾದವನು, ಅಪ್ಪನಿಗೆ ಕುರಿ ಸಾಕಣೆ. ಇಪ್ಪತ್ತೆರಡು ತುಂಬಿತ್ತೇನೋ. ಮೊದಮೊದಲು ನಾನು ಅವನನ್ನು ಸರ್ ಅನ್ನುತ್ತಿದ್ದೆ. ನನ್ನ ಒಲೆಯ ಮುಂದೆ ಒದ್ದೆ ಸಾಕ್ಸು ಒಣಗಿಸಿಕೊಂಡ ದಿನದಿಂದ ಲಾಯ್ಡ್ ಆದ.

"ಅವನ ಕಿವಿ ಸರಿ ಇಲ್ಲ ಲಾಯ್ಡ್."

"ಗೊತ್ತಮ್ಮ."

"ಗೊತ್ತಾ?"

"ನಿನ್ನೆ ಮೈಕ್ ಪರೀಕ್ಷೆ ಮಾಡೋವಾಗ ಸುರ್ ಸುರ್ ಅಂತಿದ್ದ. ಎಲ್ಲರಿಗೂ ಕೇಳಿಸ್ತು. ಎಲ್ಲರೂ ಕೇಳಿಸದ ಹಾಗಿದ್ವಿ." ಅವನು ಬೇಲಿಯ ಕಂಬಕ್ಕೆ ಸಿಗರೇಟು ಒತ್ತಿ ಆರಿಸಿದ. "ನೀವು ಹೇಳಿ. ಈಗಲೂ ಹೊತ್ತಿದೆ. ಕೆಳಗಿಳಿಸಿ ಕಳಿಸ್ತೀನಿ, ಬದಲಿ ಗನ್ನರ್ ಬರ್ತಾನೆ. ಆದ್ರೆ ಆಮೇಲೆ ನಿಮ್ಮ ಹುಡುಗ ಯಾರ ಜೊತೆ ಹೋಗ್ತಾನೋ, ಅದಕ್ಕೆ ನಾನು ಏನೂ ಮಾಡೋಕಾಗಲ್ಲ."

ಎರಡು ದಿನ ನಾನು ಯಾರಾದರೂ ತೀರ್ಮಾನ ಮಾಡಲಿ ಎಂದು ಕಾದಿದ್ದೆ. ಈಗ ಅವನು ಅದನ್ನು ಬೇಲಿಯ ಮೇಲಿಂದ ನನ್ನ ಕೈಗೇ ಕೊಟ್ಟ.

"ಇಳಿಯೋವಾಗ," ಎಂದೆ. "ಇಳಿಯೋವಾಗಲೇ ಕಷ್ಟ. ನಿಧಾನವಾಗಿ ಇಳಿಸೋಕೆ ಆಗುತ್ತಾ? ಸ್ವಲ್ಪ ಸ್ವಲ್ಪವಾಗಿ?"

ಅವನು ಒಮ್ಮೆ ವಿಮಾನದ ಕಡೆ ನೋಡಿದ. ಬಾಂಬು ಹಾಕಿದ ಮೇಲೆ ಎಲ್ಲರೂ ಮೂತಿ ಬಗ್ಗಿಸಿ ಒಟ್ಟಿಗೆ ಜಾರಿ ಬರುತ್ತಾರೆ, ಬೇಗ ಕೆಳಗೆ, ಬೇಗ ಮನೆಗೆ. ನಿಧಾನ ಅಂದರೆ ಗುಂಪು ಬಿಟ್ಟು ಮೇಲೆ ಒಂಟಿಯಾಗಿ ಉಳಿಯುವುದು. ಜರ್ಮನಿಯವರ ಹತ್ತಿರ ಈಗ ತಿರುಗುವ ಪಂಖವೇ ಇಲ್ಲದ ಹೊಸ ಜೆಟ್ ವಿಮಾನಗಳಿವೆ, ಒಂಟಿ ಸಿಕ್ಕವರನ್ನು ಹದ್ದಿನ ಹಾಗೆ ಎತ್ತಿಕೊಂಡು ಹೋಗುತ್ತವೆ ಎಂದು ಪಿಮ್ ಹೇಳಿದ್ದ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದೆ.

"ಆಗಲಿ ಅಮ್ಮ," ಎಂದ ಲಾಯ್ಡ್. "ಮೆಟ್ಟಿಲು ಮೆಟ್ಟಿಲಾಗಿ ಇಳಿಸ್ತೀನಿ."

ಅವನು ತಿರುಗಿ ಹೋಗುತ್ತಿರುವಾಗ ಉಳಿದವರು ಕಂಡರು. ಪಿಮ್ ನನ್ನತ್ತ ಕೈ ಬೀಸಿದ. ರೇಡಿಯೊ ನೋಡಿಕೊಳ್ಳುವ ಐವರ್ ಏಣಿ ಹತ್ತುತ್ತಿದ್ದ. ವೇಲ್ಸಿನವನು, ಮಗಳು ಹುಟ್ಟಿ ಇನ್ನೂ ತಿಂಗಳಾಗಿರಲಿಲ್ಲ. ನಾನು ಒಂದು ಕಿವಿಗಾಗಿ ಇವರೆಲ್ಲರನ್ನೂ ಆಕಾಶದಲ್ಲಿ ಒಂಟಿ ನಿಲ್ಲಿಸಿದೆ ಎಂದು ಆಗ ಹೊಳೆಯಿತು. ಕೂಗಬೇಕು ಅನ್ನಿಸಿತು, ಬೇಡ, ಎಲ್ಲರ ಜೊತೆಗೇ ಇಳಿದು ಬನ್ನಿ ಎಂದು. ಅಷ್ಟರಲ್ಲಿ ಮೊದಲ ಎಂಜಿನ್ ಕೆಮ್ಮಿ ಶುರುವಾಯಿತು.

ಆ ದಿನ ಮನೆಯಲ್ಲಿ ಏನೇನು ಮಾಡಿದೆನೋ. ಇಸ್ತ್ರಿ ಮಾಡಿದೆ. ಒಂದು ಮೊಲ ಇತ್ತು, ಕೊಯ್ದು ಪೈ ಮಾಡಿದೆ. ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗದೆ ಇನ್ನೊಂದು ಸಲ ಹಾಕಿದೆ. ಅಮೋಸ್ ಬೇಲಿಯ ಪಕ್ಕದ ಹೊಲದಲ್ಲಿ ಮಣ್ಣು ಮುಚ್ಚಿಟ್ಟಿದ್ದ ಆಲೂಗಡ್ಡೆಯ ರಾಶಿ ಬಿಚ್ಚಿ ಜರಡಿ ಹಿಡಿಯುತ್ತಿದ್ದ. ಬೇರೆ ಕೆಲಸವಿದ್ದರೂ ಅವನು ಆ ದಿನ ಅಲ್ಲೇ ಇದ್ದ.

ಮಧ್ಯಾಹ್ನ ಕಳೆದು ಕಿಟಕಿಯ ಗಾಜು ಮೆಲ್ಲಗೆ ಗುಂಯ್‌ಗುಟ್ಟಿತು. ಹೊರಗೆ ಓಡಿದೆ. ಒಂದರ ಹಿಂದೆ ಒಂದು ಬಂದು ಸುತ್ತು ಹಾಕಿ ಇಳಿದವು. ಬೇಲಿಯಾಚೆ ಪ್ರತಿಯೊಂದು ವಿಮಾನಕ್ಕೂ ಅದರದೇ ದುರಸ್ತಿಯ ಆಳುಗಳು ಓಡಿ ಹೋಗಿ ಚಕ್ರ ಉರುಳದಂತೆ ಮರದ ದಿಮ್ಮಿ ಇಡುತ್ತಿದ್ದರು. ನಮ್ಮ ಜಾಗದಲ್ಲಿ ಇಬ್ಬರು ದಿಮ್ಮಿಗಳನ್ನು ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ಆಮೇಲೆ ಅವನ್ನು ನೆಲಕ್ಕಿಟ್ಟು ಅವುಗಳ ಮೇಲೇ ಕೂತರು.

ಆಕಾಶ ಖಾಲಿಯಾಯಿತು. ಎಂಜಿನ್ನುಗಳು ಒಂದೊಂದಾಗಿ ನಿಂತವು. ಅಷ್ಟು ಸದ್ದಾದ ಮೇಲೆ ಬಂದ ಮೌನದಲ್ಲಿ ನನ್ನ ಕೋಳಿಗಳು ಕೆದಕುವುದು ಕೇಳುತ್ತಿತ್ತು.

ಅಮೋಸ್ ಬಂದು ಪಕ್ಕದಲ್ಲಿ ನಿಂತ. "ಬೇರೆ ಕಡೆ ಇಳಿದಿರಬಹುದು," ಎಂದ.

"ನಾನೇ ಹೇಳಿದ್ದು," ಎಂದೆ.

"ಏನು?"

"ನಿಧಾನ ಬಾ ಅಂತ."

ಅವನಿಗೆ ಅರ್ಥವಾಗಲಿಲ್ಲ. ಮಣ್ಣಾದ ಕೈಯಿಂದ ನನ್ನ ಮೊಣಕೈ ಹಿಡಿದುಕೊಂಡ. ನನಗೆ ಕ್ಲೆಮ್‌ನ ಮುಖ ನೆನಪಿಗೆ ಬರಲೇ ಇಲ್ಲ ಆಗ. ಐವರ್ ಏಣಿ ಹತ್ತುವುದೇ ಕಾಣುತ್ತಿತ್ತು. ನಾನೆಂದೂ ಕಾಣದ ಲಾಯ್ಡ್‌ನ ತಾಯಿ ಕಾಣುತ್ತಿದ್ದಳು, ಎಲ್ಲೋ ಕುರಿಗಳ ನಡುವೆ, ಬಿಸಿಲಿನಲ್ಲಿ.

ಕೂತಿದ್ದ ಇಬ್ಬರಲ್ಲಿ ಒಬ್ಬ ಎದ್ದ. ಅವನ ಕಿವಿ ನನಗಿಂತ ಚುರುಕು. ಆಮೇಲೆ ನನಗೂ ಕೇಳಿತು: ಪೂರ್ವದಿಂದ, ಎತ್ತರದಲ್ಲಿ, ಒಂದೇ ಒಂದು. ಅವಸರವೇ ಇಲ್ಲದೆ, ಸಂತೆಯಿಂದ ಮನೆಗೆ ಬರುವ ಗಾಡಿಯ ಹಾಗೆ ಬಂತು. ನಾನು ಬೇಲಿಯ ಹತ್ತಿರಕ್ಕೆ ಓಡಿದೆ.

ಪಿಮ್ ಕ್ಲೆಮ್‌ನನ್ನು ಹೆಗಲಿಗೆ ಹಾಕಿಕೊಂಡು ಇಳಿಸಿದ. ಎಡಗಡೆ ಕತ್ತಿನವರೆಗೆ ರಕ್ತ ಇಳಿದು ಒಣಗಿತ್ತು. ನನ್ನನ್ನು ಕಂಡು ಕ್ಲೆಮ್ ಇಡೀ ನಿಲ್ದಾಣಕ್ಕೆ ಕೇಳುವಂತೆ ಅರಚಿದ: "ಕೂಗಾಡಬೇಡ ಅಮ್ಮಾ! ಏನೂ ಕೇಳಿಸ್ತಿಲ್ಲ!"

ನಾನು ಬಾಯಿಯನ್ನೇ ತೆರೆದಿರಲಿಲ್ಲ.

ಲಾಯ್ಡ್ ಹೇಳಿದಂತೆಯೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದನಂತೆ. ಆದರೂ ಸಮುದ್ರದ ಮೇಲೆ ಎಡಗಿವಿ ಒಡೆಯಿತು, ಬಲಗಿವಿಯೂ ಊದಿ ಮುಚ್ಚಿಕೊಂಡಿತು. ಕ್ಲೆಮ್ ಮೈಕಿನಲ್ಲಿ ಒಂದು ಶಬ್ದ ಅನ್ನಲಿಲ್ಲ. ಕೈಗವಸನ್ನು ಕಚ್ಚಿ ಹಿಡಿದು, ಗನ್ನುಗಳನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಕಾವಲು ಕಾಯುತ್ತಲೇ ಇದ್ದ. ನಿಲ್ದಾಣದ ಡಾಕ್ಟರ್ ಕೆಂಡಾಮಂಡಲವಾದರು. ಲಾಯ್ಡ್‌ಗೂ ಬೈಗುಳ ಬಿತ್ತು. ಮೂರು ವಾರ ಹಾರುವಂತಿಲ್ಲ, ಆಮೇಲೆ ಬಲಗಿವಿ ನೋಡಿ ಹೇಳುತ್ತೇನೆ, ಎಡದ್ದು ಕೂಡಿಕೊಂಡರೆ ಪುಣ್ಯ ಅಂದರು. ಎರಡೂ ಕಿವಿಗೆ ಹತ್ತಿ ತುರುಕಿ ಮನೆಗೆ ಕಳಿಸಿದರು.

ಶುಕ್ರವಾರ ಉಳಿದ ಆರು ಜನ ಕೊನೆಯ ಹಾರಾಟಕ್ಕೆ ಹೋದರು. ಬಾಲದಲ್ಲಿ ಫಿನ್ಲೆ ಎಂಬ ಬದಲಿ ಹುಡುಗ. ಕ್ಲೆಮ್ ಬೆಳಿಗ್ಗೆಯಿಂದ ಏನೂ ತಿನ್ನಲಿಲ್ಲ. ಹೊತ್ತು ಬಾಗುತ್ತಿದ್ದಂತೆ ಬೇಲಿಯ ಹತ್ತಿರ ಬಂದು ನಿಂತ. ಆಕಾಶವನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಾ ನಿಂತ. ಅವನಿಗೆ ಕೇಳದ್ದು ನನ್ನ ಮುಖದಲ್ಲಿ ಮೊದಲು ಕಾಣುತ್ತದೆ ಎಂದು. ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೋ ತಿಳಿಯದೆ ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಬೆನ್ನು ತಿರುಗಿಸಿದರೆ, ಅವನು ಸುತ್ತಿಕೊಂಡು ಎದುರಿಗೇ ಬಂದ.

"ಬಂದ್ರಾ?"

ತಲೆಯಾಡಿಸಿದೆ, ಇಲ್ಲ.

"ಈಗ?"

ಇಲ್ಲ.

ಆಮೇಲೆ ಬಂದರು. ಎಲ್ಲರ ಜೊತೆಗೆ, ಸರಿಯಾದ ಹೊತ್ತಿಗೆ, ಒಂದು ಗೀರೂ ಇಲ್ಲದೆ. ಚಕ್ರ ನೆಲ ಮುಟ್ಟಿದ್ದನ್ನು ಕಣ್ಣಿಂದ ನೋಡಿದ ಮೇಲೆ ಕ್ಲೆಮ್ ಕೋಳಿಗೂಡಿನ ಹಿಂದೆ ಹೋದ. ಬಹಳ ಹೊತ್ತು ಬರಲಿಲ್ಲ. ನಾನು ಹೋಗಿ ನೋಡಲಿಲ್ಲ.

ಶನಿವಾರ ಆರೂ ಜನ ನಮ್ಮ ಅಡುಗೆಮನೆಗೆ ನುಗ್ಗಿದರು. ಮುಗಿಸಿದವರು! ಅವರ ಭುಜಗಳೇ ಬೇರೆಯಾಗಿದ್ದವು. ಪಿಮ್ ಊರಿನ ಪಬ್ಬಿನಿಂದ ಹೂಜಿ ತುಂಬಾ ಬಿಯರ್ ಹೊತ್ತು ತಂದಿದ್ದ. ನಾನು ಸಕ್ಕರೆ ಒಣದ್ರಾಕ್ಷಿ ಎಲ್ಲ ಕೂಡಿಟ್ಟು ಒಂದು ದೊಡ್ಡ ಪ್ಲಮ್ ಬ್ರೆಡ್ ಸುಟ್ಟಿದ್ದೆ. ಕುರ್ಚಿ ಸಾಲದೆ ಇಬ್ಬರು ಒಗೆಯುವ ಹಂಡೆಯ ಮುಚ್ಚಳದ ಮೇಲೆ ಕೂತರು.

"ಅಮ್ಮ, ನೀವು ಯಾರಿಗೂ ಹೇಳ್ಬಾರ್ದು," ಎಂದ ಪಿಮ್, "ಆ ಫಿನ್ಲೆ ಮೂಗು ಎಷ್ಟು ಶುಭ್ರ ಅಂದ್ರೆ! ನಮಗೆ ನಿದ್ದೆ ಬಂದುಬಿಡ್ತು. ಸುರ್ ಸುರ್ ಇಲ್ಲದೆ ವಿಮಾನನೇ ಅಲ್ಲ ಅದು."

"ಇನ್ನೇನು ನಿನ್ನ ಪಾಡು?" ಎಂದು ಅಮೋಸ್ ಕೇಳಿದ.

"ಲಂಡನ್ನಿಗೆ. ಜರ್ಮನಿಯವರ ರಾಕೆಟ್ ಬೀಳೋದು ನೋಡ್ತಾ ನಮ್ಮಮ್ಮನ ಪಕ್ಕ ಆರಾಮಾಗಿ ಕೂರೋದು. ಅವಳು ನನಗಿಂತ ಜಾಸ್ತಿ ಬಾಂಬ್ ನೋಡಿದಾಳೆ, ಗೊತ್ತಾ? ಕಾಗದ ಬರೆದ್ರೆ ನನ್ನನ್ನೇ ಕೆಣಕ್ತಾಳೆ."

ಕ್ಲೆಮ್ ಒಲೆಯ ಪಕ್ಕದ ಹಲಗೆಯ ಮುಂದೆ ನಿಂತು, ನಮಗೆ ಬೆನ್ನು ಹಾಕಿ ಬ್ರೆಡ್ ಹೆಚ್ಚುತ್ತಿದ್ದ. ತಾನೇ ಕೆಲಸ ಎಳೆದುಕೊಂಡಿದ್ದ. ಸುತ್ತಲೂ ತುಟಿಗಳು ಆಡುವುದನ್ನು ನೋಡುತ್ತಾ ಕೂರುವುದಕ್ಕಿಂತ ಅದು ವಾಸಿಯೆಂದು.

ಲಾಯ್ಡ್ ಲೋಟ ಕೆಳಗಿಟ್ಟ. ನಗು ತಾನಾಗಿ ಅಡಗಿತು. ಅವರು ಮೊದಲೇ ಮಾತಾಡಿಕೊಂಡು ಬಂದಿದ್ದರು ಎಂದು ಗೊತ್ತಾಯಿತು.

"ಅಮ್ಮ, ಒಂದು ವಿಷಯ. ಕ್ಲೆಮ್‌ಗೆ ಒಂದು ಬಾಕಿ ಇದೆ. ನಾವು ಮೇಲಿನವರ ಹತ್ರ ಕೇಳೋಣ ಅಂತಿದೀವಿ, ನಮ್ಮನ್ನ ಚದುರಿಸಬೇಡಿ ಅಂತ. ಇನ್ನೊಂದು ಮೂರು ವಾರ ಇಲ್ಲೇ ಇರ್ತೀವಿ. ಅವನ ಕಿವಿ ಸರಿಯಾದ ಮೇಲೆ ಆ ಒಂದನ್ನ ನಾವೆಲ್ಲ ಸೇರಿ ಹೋಗಿ ಬರ್ತೀವಿ. ಅವನು ಒಬ್ಬನೇ ಯಾರದೋ ಜೊತೆ ಹೋಗೋದು ಬೇಡ."

"ಒಂದು ತಾನೆ," ಎಂದ ಪಿಮ್. "ಹಾಲು ತರೋಕೆ ಹೋದ ಹಾಗೆ."

"ಎಲ್ಲರೂ ಒಪ್ಪಿದೀರಾ?" ಎಂದು ಕೇಳಿದೆ.

"ಎಲ್ಲರೂ," ಎಂದ ಲಾಯ್ಡ್.

ಹೌದು ಹೌದು ಎಂದು ಎಲ್ಲರೂ ತಲೆಯಾಡಿಸಿದರು. ಐವರ್ ಕೂಡ. ಅವನು ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒಟ್ಟು ಮಾಡುತ್ತಿದ್ದ, ಚಿಕ್ಕ ರಾಶಿ, ಅದರ ಪಕ್ಕ ಇನ್ನೊಂದು. ತಲೆ ಎತ್ತಿ ನನ್ನನ್ನು ನೋಡಿ ನಕ್ಕ. ಒಳ್ಳೆಯ ಹುಡುಗ. ಆ ನಗುವಿಗೆ ಎಷ್ಟು ಬಲ ಬೇಕಾಯಿತೋ ಅವನಿಗೆ.

ನನ್ನ ಒಳಗೆ ಏನೋ ಹಗುರಾಗಿ ಎದ್ದು ನಿಂತಿತು, ಸುಳ್ಳು ಯಾಕೆ ಹೇಳಲಿ. ಲಾಯ್ಡ್‌ನ ಕೈ. ಪಿಮ್‌ನ ಕಣ್ಣು. ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ತಂದವರು, ಇನ್ನೊಮ್ಮೆಯೂ ತರುತ್ತಾರೆ. ಹೂಂ ಅನ್ನಲು ನಾಲಿಗೆಯ ತುದಿಯವರೆಗೂ ಬಂತು. ಅಮೋಸ್ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣಿನಲ್ಲೂ ಅದೇ ಹೂಂ ಇತ್ತು. ಆದರೆ ಈ ಆರು ಜನರ ಮನೆಗಳಿಗೆ ನಿನ್ನೆಯೇ ತಂತಿ ಹೋಗಿತ್ತು, ಮುಗಿಯಿತು ಎಂದು. ಆರು ಅಡುಗೆಮನೆಗಳಲ್ಲಿ ಆರು ಹೆಂಗಸರು ನಿನ್ನೆ ರಾತ್ರಿ ಎಷ್ಟೋ ಕಾಲದ ಮೇಲೆ ಮಲಗಿದ್ದರು. ಮಂಗಳವಾರ ನಾನು ಬೇಲಿಯ ಹತ್ತಿರ ಬೇಡಿದಾಗ ಅವರನ್ನು ಕೇಳಿರಲಿಲ್ಲ. ಒಂದು ಸಲ ಕೇಳದೇ ಪಡೆದದ್ದಾಯಿತು.

"ಬೇಡ," ಎಂದೆ.

"ಅಮ್ಮ, ಯೋಚನೆ ಮಾಡಿ..."

"ಮಾಡಿದೆ ಲಾಯ್ಡ್. ನಿಮ್ಮ ಪಾಲಿಂದು ನೀವು ಮುಗಿಸಿದೀರ. ನಿಮ್ಮ ನಿಮ್ಮ ಅಮ್ಮಂದಿರ ಹತ್ರ ಹೋಗ್ಬೇಕು. ನೀನು ಐವರ್, ಹೋಗಿ ಮಗಳನ್ನ ಎತ್ಕೋ. ನನ್ನ ಮಗಂದು ಅವನೇ ಮುಗಿಸ್ತಾನೆ."

ಅಮೋಸ್ ತಲೆ ತಗ್ಗಿಸಿದ. ಐವರ್ ಮಾಡಿದ್ದ ಚೂರುಗಳ ರಾಶಿ ಅವನ ಅಂಗೈ ಕೆಳಗೆ ಚಪ್ಪಟೆಯಾಯಿತು. ಅವನು ಮುಖವನ್ನು ಆಚೆ ತಿರುಗಿಸಿಕೊಂಡ.

ಅಷ್ಟು ಹೊತ್ತಿಗೆ ಕ್ಲೆಮ್ ಬ್ರೆಡ್ಡಿನ ತಟ್ಟೆ ಹಿಡಿದು ಇತ್ತ ತಿರುಗಿದ. ಒಂದೊಂದು ಮುಖವನ್ನೂ ನೋಡಿದ.

"ಏನು? ಯಾಕೆ ಹೀಗೆ ಕೂತಿದೀರಾ ಎಲ್ಲ?" ದನಿ ಎಷ್ಟು ಎತ್ತರದಲ್ಲಿದೆ ಎಂದು ಅವನಿಗೇ ಗೊತ್ತಾಗುತ್ತಿರಲಿಲ್ಲ. "ಅಮ್ಮಾ, ಏನಂದೆ ಇವರಿಗೆ?"

ಒಂದು ಸಲ ಹೇಳುವುದಕ್ಕೇ ನನ್ನ ಶಕ್ತಿಯೆಲ್ಲ ಮುಗಿದಿತ್ತು. ಎದ್ದು ಅವನ ಹತ್ತಿರ ಹೋದೆ. ಬಲಗಿವಿಯ ಹತ್ತಿ ತೆಗೆದು, ಅಂಗೈಯನ್ನು ಅದರ ಸುತ್ತ ಬಟ್ಟಲು ಮಾಡಿ, ಎಲ್ಲರ ಎದುರಿಗೆ, ಇಡೀ ಮನೆಗೆ ಕೇಳುವಷ್ಟು ಜೋರಾಗಿ ಮತ್ತೆ ಹೇಳಿದೆ:

"ಕೊನೇದಕ್ಕೆ ನಿನ್ನ ಜೊತೆ ಬರ್ತೀವಿ ಅಂದ್ರು. ನಾನು ಬೇಡ ಅಂದೆ!"

ಅವನು ತಟ್ಟೆ ಹಿಡಿದುಕೊಂಡೇ ನಿಂತ. ಕೆನ್ನೆ ನನ್ನ ಅಂಗೈಗೆ ತಾಗಿತ್ತು. ಅದರ ಒಳಗೆ ದವಡೆ ಒಮ್ಮೆ ಬಿಗಿಯಾಗಿ, ಸಡಿಲವಾಯಿತು. ಆಮೇಲೆ ಅವನು ಮೇಜಿನ ಹತ್ತಿರ ಹೋಗಿ, ಎಲ್ಲಕ್ಕಿಂತ ದಪ್ಪನೆಯ ಹೋಳು ಆರಿಸಿ ಪಿಮ್‌ನ ಮುಂದಿಟ್ಟ.

"ತಿನ್ನೋ," ಎಂದು ಕೂಗಿದ. "ತಿಂದು ಮನೆಗೆ ಹೋಗು. ನಿಮ್ಮಮ್ಮ ಕಾಯ್ತಿರ್ತಾಳೆ."